ಏನು ಕೊಟ್ಟ ಎಂದು ಕೇಳಿದ್ದೆ

ಈ ಶ್ರಾವಣದಲ್ಲಿ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿದ್ದೆ. ಗೂಡು ನಮ್ಮ ಪಕ್ಕದ ಮನೆಯ ಜಯಮ್ಮನದು, ಟೆಂಪೊ ಅವಳ ತಮ್ಮನದು, ನಾನು ಸುಮ್ಮನೆ ಜೊತೆಗೆ ಹೋದವಳು. ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುವುದನ್ನು ಬಿಟ್ಟು ವರ್ಷಗಳಾದವು. ಊರು ಹತ್ತಿರವಾದಂತೆ ನೂಲು ಬಿಚ್ಚುವ ಮನೆಗಳಿಂದ ಬೇಯಿಸಿದ ಗೂಡಿನ ವಾಸನೆ ಬಂತು. ಹೊಸಬರು ಮೂಗು ಮುಚ್ಚಿಕೊಳ್ಳುವ ವಾಸನೆ ಅದು. ಹುಳ ಸಾಕಿದವರಿಗೆ ಮಾತ್ರ ಬೆಳೆ ಕೈಗೆ ಬಂದ ದಿನಗಳೆಲ್ಲ ನೆನಪಾಗುತ್ತವೆ.

ಒಳಗೆ ಗೂಡಿನ ರಾಶಿಗಳ ನಡುವೆ ನಿಂತಿದ್ದೆವು. ನನ್ನ ಬೆನ್ನ ಹಿಂದೆ ಆಂಧ್ರದ ಕಡೆಯವರು ಯಾರೋ ಫೋನಿನಲ್ಲಿ ಮಾತಾಡುತ್ತಿದ್ದರು. ಅವರ ಮಾತಿನ ನಡುವೆ ಒಂದು ಪದ ಕಿವಿಗೆ ಬಿತ್ತು: ‘ಕೊಟ್ನಾಡು.’ ಅವರ ಊರಿನ ಯಾವುದೋ ಜಗಳದ ಸುದ್ದಿ, ನನಗೆ ಸಂಬಂಧವೇ ಇಲ್ಲ. ಆದರೂ ಮುಖವೆಲ್ಲ ಬಿಸಿಯಾಯಿತು. ಪಕ್ಕದ ಕಂಬ ಹಿಡಿದುಕೊಂಡೆ.

“ಯಾಕೆ ಟೀಚರಮ್ಮ, ತಲೆ ಸುತ್ತುತಾ?” ಎಂದಳು ಜಯಮ್ಮ.

“ಇಲ್ಲ ಕನ, ಒಸಿ ವಾಸ್ನೆ” ಎಂದೆ. ಹುಟ್ಟಿದಾಗಿನಿಂದ ಆ ವಾಸನೆಯಲ್ಲೇ ಬೆಳೆದವಳು ನಾನು ಎಂಬುದು ಅವಳಿಗೆ ಗೊತ್ತು.

ನಾನು ದೊಡ್ಡಆಲಹಳ್ಳಿ ಪಕ್ಕದ ಹಳ್ಳಿಯೊಂದರಲ್ಲಿ ಅಂಗನವಾಡಿ ಟೀಚರಾಗಿದ್ದವಳು. ಬದುಕಿನ ಅರ್ಧಕ್ಕಿಂತ ಹೆಚ್ಚು ಕಾಲವನ್ನು ಇನ್ನೂ ಮಾತು ಬಾರದ ಮಕ್ಕಳ ನಡುವೆ ಕಳೆದಿದ್ದೇನೆ. ಮಗು ‘ತ’ ಎಂದರೆ ತಟ್ಟೆಯೋ ತಾತನೋ, ‘ಬೂ’ ಎಂದರೆ ಉಪ್ಪಿಟ್ಟೋ ಹೊರಗೆ ನಿಂತ ಬಸ್ಸೋ ಎಂದು ಹೆತ್ತ ತಾಯಂದಿರಿಗಿಂತ ಮೊದಲು ನನಗೆ ತಿಳಿಯುತ್ತಿತ್ತು. ಈ ವಿದ್ಯೆಯ ಬಗ್ಗೆ ನನಗೆ ಜಂಭವಿತ್ತು. ಸೂಪರ್‌ವೈಸರ್ ಬಂದಾಗಲೆಲ್ಲ ಒಂದು ಮಗುವನ್ನು ಮಾತಾಡಿಸಿ, ಅದು ಹೇಳಿದ್ದನ್ನು ಬಿಡಿಸಿ ಹೇಳಿ ಶಹಬ್ಬಾಸ್ ಅನ್ನಿಸಿಕೊಳ್ಳುತ್ತಿದ್ದೆ.

ನನಗೆ ಒಬ್ಬನೇ ಮಗ, ಮಧು. ಅವನು ಹೈಸ್ಕೂಲಿನಲ್ಲಿದ್ದಾಗಲೇ ನಮ್ಮ ಯಜಮಾನರು ತೀರಿಕೊಂಡರು. ಮಧು ಹಾರೋಹಳ್ಳಿಯ ಕಾರ್ಖಾನೆಯೊಂದಕ್ಕೆ ಶಿಫ್ಟಿಗೆ ಹೋಗುತ್ತಿದ್ದ, ಬಂದು ಹುಳದ ಮನೆ ನೋಡಿಕೊಳ್ಳುತ್ತಿದ್ದ. ವಯಸ್ಸು ಮೂವತ್ತು ದಾಟಿದರೂ ಹೆಣ್ಣು ಸಿಗಲಿಲ್ಲ. ಕನಕಪುರ, ಮಾಗಡಿ, ಚನ್ನಪಟ್ಟಣ ಎಂದು ಸುತ್ತಿ, ಹೋದ ಮನೆಗಳಲ್ಲೆಲ್ಲ ಕಾಫಿ ಕುಡಿದು ಬಂದೆವು. ಹುಳದ ಮನೆ ಇದೆ ಎಂದೊಡನೆ ಹುಡುಗಿಯರು ಬೇಡವೆನ್ನುತ್ತಿದ್ದರು. ಬೇಸಾಯದ ಮನೆಯ ಗಂಡುಗಳಿಗೆ ಬೇರೆ ರಾಜ್ಯದಿಂದ ಹೆಣ್ಣು ತರುವುದು ನಮ್ಮ ಸೀಮೆಯಲ್ಲಿ ಆಗಲೇ ಶುರುವಾಗಿತ್ತು. ಗೂಡಿನ ಮಾರುಕಟ್ಟೆಯ ಸಾಲಿನಲ್ಲಿ ಮಧುವಿಗೆ ವೆಂಕಟರಮಣ ಎಂಬಾತನ ಪರಿಚಯವಾಯಿತು. ರಾಯಚೋಟಿ ಕಡೆಯವನು, ರಾಮನಗರಕ್ಕೆ ಗೂಡು ತರುತ್ತಿದ್ದ. ಅರೆಬರೆ ಕನ್ನಡ ಬರುತ್ತಿತ್ತು. ಅವನ ಊರಿನಲ್ಲೇ ಒಂದು ಹುಡುಗಿ ಇದ್ದಾಳೆ, ತಂದೆಯಿಲ್ಲ, ಹುಳದ ಕೆಲಸ ಬಲ್ಲವಳು ಎಂದ. ಹುಡುಗಿಯ ಹೆಸರು ರೆಡ್ಡೆಮ್ಮ.

ನೋಡಲು ಹೋದ ದಿನ ಆ ಹುಡುಗಿಯ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡು, “ಮಾ ಪಾಪ ಚಿನ್ನದಿ. ಮೀರೇ ಚೂಸ್ಕೋವಾಲ” ಎಂದಳು. ವೆಂಕಟರಮಣ ಬಿಡಿಸಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಾನೇ ಮುಂದೆ ಬಿದ್ದೆ. “ಚಿನ್ನವೇ ಕಣಮ್ಮ, ನೋಡಿದ್ರೇ ಗೊತ್ತಾಯ್ತದೆ. ಬಂಗಾರದಂಥ ಹುಡುಗಿ” ಎಂದೆ. ವೆಂಕಟರಮಣ ನಕ್ಕು ಸುಮ್ಮನಾದ. ಅವರ ಮಾತಿನಲ್ಲಿ ಚಿನ್ನದಿ ಎಂದರೆ ಚಿಕ್ಕವಳು. ನಮ್ಮ ಮಗು ಇನ್ನೂ ಚಿಕ್ಕದು, ನೀವೇ ನೋಡಿಕೊಳ್ಳಬೇಕು ಎಂದು ಆ ತಾಯಿ ಕೇಳಿಕೊಂಡಿದ್ದಳು. ಇದು ನನಗೆ ತಿಳಿದದ್ದು ಮದುವೆಯಾದ ಮೇಲೆ, ಆಗಲೂ ಅದನ್ನು ನಾಲ್ಕು ಜನರಿಗೆ ಹೇಳಿ ನಗಿಸಿದ್ದೆ.

ಆ ವೈಶಾಖದಲ್ಲಿ ಮದುವೆಯಾಯಿತು. ಬಂದ ಹೊಸದರಲ್ಲಿ ರೆಡ್ಡೆಮ್ಮ ಇಡೀ ಬೀದಿಗೆ ನಗುವಿನ ಸರಕಾದಳು. ಅವಳ ಮಾತು ಕಿವಿಗೆ ಕನ್ನಡದಂತೆಯೇ ಕೇಳುತ್ತಿತ್ತು, ತೊಂದರೆ ಬಂದದ್ದೇ ಅಲ್ಲಿ. ಪೂರ್ತಿ ಬೇರೆ ಭಾಷೆಯಾಗಿದ್ದರೆ ತಿಳಿಯಲಿಲ್ಲ ಎಂದು ತಿರುಗಿ ಕೇಳುತ್ತಿದ್ದೆವು. ಇದು ಹಾಗಲ್ಲ, ತಿಳಿಯಿತು ಎಂದೇ ಅನ್ನಿಸಿಬಿಡುತ್ತಿತ್ತು. ಜಯಮ್ಮನನ್ನು ಅವಳು ಮರ್ಯಾದೆಯಿಂದ “ಪೆದ್ದಮ್ಮಾ” ಎಂದು ಕರೆದಳು. ಅವರಲ್ಲಿ ಪೆದ್ದಮ್ಮ ಎಂದರೆ ದೊಡ್ಡಮ್ಮ. ಜಯಮ್ಮ ಸೊಂಟಕ್ಕೆ ಕೈಯಿಟ್ಟು ನಮ್ಮ ಬಾಗಿಲಿಗೆ ಬಂದಳು. “ಏನ್ ಟೀಚರಮ್ಮ, ನಿನ್ ಸೊಸೆ ಬಂದು ವಾರ ಆಗಿಲ್ಲ, ನನ್ನ ಪೆದ್ದಿ ಅಂತವ್ಳೆ?”

ಇನ್ನೊಂದು ದಿನ ಜಯಮ್ಮ ಅವಳನ್ನು ಅತ್ತೆ ಎಲ್ಲಿ ಎಂದು ಕೇಳಿದ್ದಾಳೆ. ಇವಳು “ಅತ್ತ ಬಡಿಕಿ ಪೋಯಿಂದಿ” ಎಂದಿದ್ದಾಳೆ. ಬಡಿ ಎಂದರೆ ಅವರಲ್ಲಿ ಶಾಲೆ, ಅತ್ತೆ ಅಂಗನವಾಡಿಗೆ ಹೋಗಿದ್ದಾಳೆ ಎಂದು ಅದರ ಅರ್ಥ. ಸಂಜೆ ನಾನು ಬರುವಷ್ಟರಲ್ಲಿ ನಾನು ಸೊಸೆಯನ್ನು ಬಡಿಯುತ್ತೇನೆ ಎಂಬ ಸುದ್ದಿ ಹಾಲಿನ ಡೈರಿಯವರೆಗೂ ಹೋಗಿತ್ತು. ಅದನ್ನು ಬಿಡಿಸಿ ಹೇಳಿದವನು ಮಧು. ಮದುವೆಗೆ ಮುಂಚೆ ತಿಂಗಳುಗಟ್ಟಲೆ ಅವಳೊಡನೆ ಫೋನಿನಲ್ಲಿ ಮಾತಾಡಿದ್ದ, ಕಾರ್ಖಾನೆಯಲ್ಲೂ ತೆಲುಗಿನ ಗೆಳೆಯರಿದ್ದರು. ಅವನಿಗೆ ಆ ಭಾಷೆ ಚೆನ್ನಾಗಿ ಕೂತಿತ್ತು. ಈ ಮಾತು ಮುಂದೆ ಬೇಕಾಗುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ನಗುವುದರಲ್ಲಿ ರೆಡ್ಡೆಮ್ಮನೂ ಹಿಂದೆ ಬೀಳಲಿಲ್ಲ. ನನ್ನ ಕನ್ನಡ ಅವಳಿಗೆ ಏನೇನಾಗಿ ಕೇಳುತ್ತಿತ್ತೋ, ಸೆರಗನ್ನು ಬಾಯಿಗಿಟ್ಟುಕೊಂಡು ಕುಲುಕುಲು ನಗುತ್ತಿದ್ದಳು. ನನ್ನೊಡನೆ ಮಾತಾಡಬೇಕೆಂದರೆ “ಅತ್ತಾ, ಮೀತೋ ಒಕ ಮಾಟ” ಎಂದು ಶುರು ಮಾಡುವಳು. ನಿಮ್ಮ ಹತ್ತಿರ ಒಂದು ಮಾತು ಎಂದು. ನಾನು ಪ್ರತಿಸಲವೂ, “ಮಾಟ ಗೀಟ ಎಲ್ಲಾ ನನ್ ತಾವ ಬ್ಯಾಡ ಕನಮ್ಮಿ, ನಾನೇ ದೊಡ್ಡ ಮಾಟಗಾತಿ” ಎನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ಹೀಗೆ ನಗುತ್ತ ಅವಳು ಹೇಳಬಂದ ಎಷ್ಟು ಮಾತು ಅಲ್ಲಿಗೇ ನಿಂತವೋ ನನಗೆ ಗೊತ್ತಿಲ್ಲ.

ಆಷಾಢ ಬಂತು. ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಮನೆಯಲ್ಲಿರಬಾರದು, ತವರಿಗೆ ಕಳಿಸಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಎನ್ನುತ್ತಾರೆ. ಜಯಮ್ಮ ನೆನಪಿಸಿದಳು. ನಾನು, ಅದೆಲ್ಲ ಹಳೇ ಕಾಲದ್ದು ಎಂದೆ. ನಿಜ ಹೇಳಬೇಕೆಂದರೆ ಹುಳದ ಮನೆಯಲ್ಲಿ ಬೆಳೆ ಇತ್ತು, ಕೈ ಬೇಕಾಗಿತ್ತು. ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಮೂರನೆಯ ಜ್ವರ ಎದ್ದ ಮೇಲೆ ಹುಳ ತಿನ್ನುವ ಸೊಪ್ಪಿಗೆ ಲೆಕ್ಕವಿಲ್ಲ. ನಾನು ಬೆಳಿಗ್ಗೆ ಅಂಗನವಾಡಿಗೆ, ಮಧು ಶಿಫ್ಟಿಗೆ. ಉಳಿದವಳು ಅವಳೊಬ್ಬಳೇ. ಗೂಡು ಬಿಡಿಸಿದ ಮೇಲೆ ನಾನೇ ಕರೆದುಕೊಂಡು ಹೋಗಿ ಬಿಟ್ಟು ಬತ್ತೀನಿ ಎಂದು ಅವಳಿಗೆ ಸನ್ನೆ ಮಾಡಿ ಹೇಳಿದೆ. ಆಗಲಿ ಎಂದು ತಲೆಯಾಡಿಸಿದಳು.

ಆ ವರ್ಷದ ಆಷಾಢ ಜೋರು ಮಳೆಯದ್ದಲ್ಲ, ಬಿಡದ ಜಡಿಯದ್ದು. ಹಿಪ್ಪುನೇರಳೆ ತೋಟದಲ್ಲಿ ಕಾಲಿಟ್ಟರೆ ಕೆಸರು ಮೊಣಕಾಲಿಗೆ ಬರುತ್ತಿತ್ತು. ಒದ್ದೆ ಸೊಪ್ಪು ತಿಂದರೆ ಹುಳಕ್ಕೆ ಸಪ್ಪೆ ರೋಗ ಬರುತ್ತದೆ. ಅದಕ್ಕೆ ಕುಯ್ದ ಸೊಪ್ಪನ್ನೆಲ್ಲ ಮನೆಯೊಳಗೆ ಹರಡಿ, ಬಟ್ಟೆಯಲ್ಲಿ ಒರೆಸಿ ಹಾಕಬೇಕಿತ್ತು. ನಡುಮನೆ, ಅಡುಗೆಮನೆ, ಮಂಚದ ಮೇಲೆ ಎಲ್ಲ ಸೊಪ್ಪೇ. ರೆಡ್ಡೆಮ್ಮ ಅದರ ನಡುವೆ ಕೂತು ಒಂದೊಂದೇ ಕಡ್ಡಿ ಒರೆಸುತ್ತಿದ್ದಳು. ಮಧುವಿಗೆ ಕಾರ್ಖಾನೆಯಲ್ಲಿ ಶಿಫ್ಟು ಬದಲಾಗಿ ನಿದ್ದೆ ಕೆಟ್ಟಿತ್ತು. ಬಂದವನು ಮುಖ ಗಂಟು ಹಾಕಿಕೊಂಡೇ ಇರುತ್ತಿದ್ದ. ಕೆಲಸದ ದಣಿವು ಎಂದು ನಾನು ಬಿಸಿನೀರು ಕಾಯಿಸಿ ಕೊಡುತ್ತಿದ್ದೆ.

ಒಂದು ಸಂಜೆ ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದೆ. ಹಸಿ ಸೌದೆ, ಮನೆಯೆಲ್ಲ ಹೊಗೆ. ರೆಡ್ಡೆಮ್ಮ ಬಂದು ಪಕ್ಕದಲ್ಲಿ ನಿಂತಳು. ಒಂದು ಕೈ ಕಿವಿಯ ಮೇಲಿತ್ತು.

“ಅತ್ತಾ, ಮೀತೋ ಒಕ ಮಾಟ.”

“ಹೇಳವ್ವ.”

“ಮೀ ಕೊಡುಕು ನನ್ನು ಕೊಟ್ನಾಡು.”

ಮುದ್ದೆ ಕೋಲು ನಿಲ್ಲಿಸಲಿಲ್ಲ ನಾನು. ಕೊಡುಕು, ಕೊಟ್ನಾಡು. ನನ್ನ ಕಿವಿಗೆ ಬಿದ್ದದ್ದೆಲ್ಲ ಕೊಡುವುದೇ. ನಮ್ಮ ಕಡೆ ‘ಕೊಟ್ಟನು’ ಎಂಬುದನ್ನು ‘ಕೊಟ್ನು’ ಎನ್ನುತ್ತೇವೆ. ಬಾಲವಾಗಿ ‘ಆಡು’ ಸೇರಿಸುವುದು ಅವರ ರೂಢಿ ಎಂದು ಅಷ್ಟರಲ್ಲಿ ತಿಳಿದುಕೊಂಡಿದ್ದೆ. ಕೈ ಕಿವಿಯ ಮೇಲಿದೆ, ಕಣ್ಣಲ್ಲಿ ನೀರಿದೆ. ಗೂಡು ಮಾರಿದ ಮೇಲೆ ಹೆಂಡತಿಗೆ ಓಲೆ ಮಾಡಿಸುತ್ತೇನೆ ಎಂದು ಮಧು ಅನ್ನುತ್ತಿದ್ದ. ಕಣ್ಣೀರು ಹೊಗೆಯದೋ ಸಂತೋಷದ್ದೋ ಇರಬೇಕು. ಮಾತು ಬಾರದ ಮಕ್ಕಳನ್ನು ಓದುವ ನನ್ನ ವಿದ್ಯೆ ಎಲ್ಲವನ್ನೂ ಚಕಚಕನೆ ಜೋಡಿಸಿಬಿಟ್ಟಿತು.

“ಓಲೆ ಕೊಟ್ನಾ? ಈಗ್ಲೇ ಕೊಟ್ಬುಟ್ನಾ?” ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಹಿತ್ತಲ ಬಾಗಿಲಲ್ಲಿ ಮಧು ಕಾಲು ತೊಳೆಯುತ್ತಿದ್ದ. “ಏನ್ಲಾ, ಏನ್ಲಾ ಕೊಟ್ಟೆ ಇವ್ಳಿಗೆ?” ಎಂದು ಕೂಗಿ ಕೇಳಿದೆ.

ಅವನು ಇನ್ನೊಂದು ಚೊಂಬು ನೀರು ಕಾಲಿಗೆ ಸುರಿದುಕೊಂಡ. ಆಮೇಲೆ, “ಓಲೆ ಮಾಡುಸ್ತೀನಿ ಅಂತ ಮಾತು ಕೊಟ್ಟೆ ಕನವ್ವ” ಎಂದ.

ನನಗೆ ಹೊಟ್ಟೆ ತಂಪಾಯಿತು. ಅವಳ ಗಲ್ಲ ಹಿಡಿದು, “ಒಳ್ಳೇದಾಯ್ತು ಬುಡು. ಇನ್ನೂ ಕೊಡ್ತಾನೆ ನನ್ ಮಗ. ಸುಮ್ನೆ ಈಸ್ಕೊ” ಎಂದೆ. ಮಧು ಹಿತ್ತಲಲ್ಲಿ ನಕ್ಕಿದ್ದು ಕೇಳಿಸಿತು, ನಾನೂ ನಕ್ಕೆ. ಹಿಡಿದ ಗಲ್ಲ ಬಿಸಿಯಾಗಿತ್ತು. ಒಲೆಯ ಕಾವು ಎಂದುಕೊಂಡೆ.

ಅಲ್ಲಿಂದ ಮುಂದೆ ರೆಡ್ಡೆಮ್ಮ ಮಾತು ಕಡಿಮೆ ಮಾಡಿದಳು. ‘ಒಕ ಮಾಟ’ ಎಂದು ಬರುವುದು ನಿಂತಿತು. ಹೇಳಿದ ಕೆಲಸವನ್ನು ಹೇಳುವ ಮೊದಲೇ ಮಾಡಿರುತ್ತಿದ್ದಳು. ಕನ್ನಡವನ್ನು ಮಾತ್ರ ಬೇಗ ಬೇಗ ಕಲಿಯತೊಡಗಿದಳು. ತೋಳಿನ ಮೇಲೆ ಕಂದಿದ ಗುರುತು ಕಂಡು ಕೇಳಿದೆ. “ಬಿದ್ದೆ” ಎಂದಳು. ಕೆಸರು, ಜಾರಿರಬೇಕು. ಹುಡುಗಿ ಮನೆಗೆ ಹೊಂದಿಕೊಂಡಳು ಎಂದು ನಾನು ಹಿಗ್ಗಿದೆ. “ನನ್ ಸೊಸೆ ತಲೆ ಎತ್ತಿ ಮಾತಾಡಕಿಲ್ಲ” ಎಂದು ಮಕ್ಕಳನ್ನು ಬಿಡಲು ಬರುವ ತಾಯಂದಿರ ಮುಂದೆಲ್ಲ ಹೇಳಿದೆ. ಇದನ್ನು ಬರೆಯುವಾಗ ಬಾಯಿ ಕಹಿಯಾಗುತ್ತದೆ.

ಆಷಾಢ ಮುಗಿಯುವ ಹೊತ್ತಿಗೆ ನಮ್ಮೂರ ಆಚೆ ಕಲ್ಲು ಒಡೆಯುವ ಕೆಲಸಕ್ಕೆ ತೆಲುಗಿನ ಕೆಲವು ಕುಟುಂಬಗಳು ಬಂದಿಳಿದವು. ಅವರಲ್ಲಿ ಲಚ್ಚಿ ಎಂಬ ನಾಲ್ಕು ವರ್ಷದ ಹುಡುಗಿಯನ್ನು ಅಂಗನವಾಡಿಗೆ ತಂದು ಬಿಟ್ಟರು. ಬಂದ ದಿನವೇ ಜಗಳ. ನಾನು ಒಳಗೆ ಉಪ್ಪಿಟ್ಟಿನ ಪಾತ್ರೆ ಇಳಿಸುತ್ತಿದ್ದೆ, ಲಚ್ಚಿ ಅಳುತ್ತ ಬಂದು ನನ್ನ ಸೆರಗು ಹಿಡಿದಳು. ಹೊರಗೆ ನಿಂತ ಹುಡುಗನೊಬ್ಬನ ಕಡೆ ಬೆರಳು ತೋರಿಸಿ, “ಟೀಚರ್, ವಾಡು ಕೊಟ್ನಾಡು” ಎಂದಳು.

“ಏನ್ ಕೊಟ್ನು ಮಗ? ಎಲ್ಲಿ, ತೋರ್ಸು” ಎಂದೆ.

ಲಚ್ಚಿ ಅಳು ನಿಲ್ಲಿಸಿ ನನ್ನನ್ನು ನೋಡಿದಳು. ಇಷ್ಟು ದೊಡ್ಡವಳಿಗೆ ಇಷ್ಟೂ ತಿಳಿಯದೆ ಎಂದು ಅನ್ನಿಸಿರಬೇಕು. ಪುಟ್ಟ ಕೈ ಎತ್ತಿ ತನ್ನ ಕೆನ್ನೆಗೆ ತಾನೇ ಪಟ್ ಎಂದು ಹೊಡೆದುಕೊಂಡು ತೋರಿಸಿದಳು. “ಕೊಟ್ನಾಡು” ಎಂದಳು, ಇನ್ನೊಮ್ಮೆ ಹೊಡೆದುಕೊಂಡಳು.

ನಾನು ಅವಳ ಕೈ ಹಿಡಿದುಕೊಂಡೆ. ಸಾಕು ಎಂದೆ. ಆಮೇಲೆ ಮಕ್ಕಳ ನಡುವೆಯೇ ನೆಲದ ಮೇಲೆ ಕೂತುಬಿಟ್ಟೆ. ಹೊಗೆ, ಬಿಸಿಯಾಗಿದ್ದ ಗಲ್ಲ, ಕಿವಿಯ ಮೇಲಿನ ಕೈ, ಹಿತ್ತಲಿನ ನಗು, ಎಲ್ಲವೂ ಸಾಲಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಮಧುವಿಗೆ ತೆಲುಗು ಬರುತ್ತದೆ ಎಂಬುದು ಕೊನೆಗೆ ನೆನಪಾಯಿತು. ಅದು ಎಲ್ಲಕ್ಕಿಂತ ಜೋರಾಗಿ ಬಿತ್ತು.

ಆಯಾಗೆ ಮಕ್ಕಳನ್ನು ಒಪ್ಪಿಸಿ ಮಳೆಯಲ್ಲೇ ಮನೆಗೆ ಹೋದೆ. ರೆಡ್ಡೆಮ್ಮ ಹುಳದ ಮನೆಯಲ್ಲಿದ್ದಳು. ಹುಳ ಹಣ್ಣಾಗಿದ್ದವು. ಮೈ ಹಳದಿಯಾಗಿ ಗೂಡು ಕಟ್ಟಲು ತಲೆ ಎತ್ತಿ ಆಡಿಸುವ ಹುಳಗಳನ್ನು ಆರಿಸಿ, ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಏರಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ಏನು ಕೇಳಬೇಕು, ಯಾವ ಭಾಷೆಯಲ್ಲಿ ಕೇಳಬೇಕು ತಿಳಿಯಲಿಲ್ಲ. ಲಚ್ಚಿ ಮಾಡಿದ ಹಾಗೆಯೇ ಮಾಡಿದೆ. ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡು, “ಕೊಟ್ನಾಡು?” ಎಂದೆ.

ಅವಳು ಕೈಯಲ್ಲಿದ್ದ ಹುಳವನ್ನು ಮೆಲ್ಲಗೆ ಚಂದ್ರಿಕೆಗೆ ಬಿಟ್ಟಳು. ಕನ್ನಡದಲ್ಲೇ ಹೇಳಿದಳು. “ಅವತ್ತೇ ಹೇಳಿದ್ನಲ್ಲ ಅತ್ತೆ.”

“ನಂಗೆ ತಿಳೀಲಿಲ್ಲ ಕನವ್ವ.”

“ನೀವು ಹೇಳಿದ್ರಿ, ಇನ್ನೂ ಕೊಡ್ತಾನೆ. ಸುಮ್ನೆ ಈಸ್ಕೊ ಅಂತ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಅತ್ತೆ ಹೇಳಿದ್ದನ್ನು ನಡೆಸಿದ್ದೇನೆ ಎಂಬಂತೆ ಹೇಳಿದಳು. ಅವಳ ಭಾಷೆಯಲ್ಲಿ ‘ಕೊಡುಕು’ ಎಂದರೆ ಮಗ, ‘ಕೊಡ್ತಾಡು’ ಎಂದರೆ ಹೊಡೆಯುತ್ತಾನೆ. ನಾನು ಗಲ್ಲ ಹಿಡಿದು, ನಗುತ್ತ, ಇನ್ನೂ ಹೊಡೆಯುತ್ತಾನೆ, ಸುಮ್ಮನೆ ತಗೋ ಎಂದಿದ್ದೆ. ಅವಳು ಹಾಗೇ ಕೇಳಿಸಿಕೊಂಡಿದ್ದಳು, ಹಾಗೇ ನಡೆದುಕೊಂಡಿದ್ದಳು. ನಾನು ಅಂದದ್ದು ಬೇರೆ, ನಮ್ಮಲ್ಲಿ ಅದರ ಅರ್ಥವೇ ಬೇರೆ ಎಂದು ತಡವರಿಸಿದೆ. ಆಮೇಲಾಮೇಲೆ ಕನ್ನಡ ಬಂದಂತೆ ಅದು ಅವಳಿಗೂ ಹೊಳೆದಿತ್ತಂತೆ. “ಆದ್ರೆ ಅವ್ರು ನಕ್ರಲ್ಲ ಅತ್ತೆ. ಅವ್ರಿಗೆ ಎರಡೂ ಗೊತ್ತು” ಎಂದಳು.

ಮೊದಲ ಸಲ ಹೊಡೆದದ್ದು ಒದ್ದೆ ಸೊಪ್ಪಿಗಾಗಿ. ಸೊಪ್ಪನ್ನು ಒಳಗೆ ಹಾಕದೆ ಮಲಗಿದವನು ಅವನೇ. ಆಮೇಲೆ ಕಾರಣ ಬೇಕಾಗಲಿಲ್ಲ.

ಈಗಲೇ ಹೊರಡೋಣ, ನಿಮ್ಮವ್ವನ ಮನೆಗೆ ಬಿಟ್ಟು ಬರುತ್ತೇನೆ ಎಂದೆ. ಅವಳು ಹುಳದ ತಟ್ಟೆಗಳ ಕಡೆ ನೋಡಿದಳು. “ಹುಳ ಹಣ್ಣಾಗೈತೆ. ಏರ್ಸಿ ಹೋಗಾಣ” ಎಂದಳು. ಬಿಟ್ಟರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಬೇಡ ಬಾ ಎಂದು ಎಳೆದುಕೊಂಡು ಹೋಗಬೇಕಿತ್ತು. ನಾನು ಹಾಗೆ ಮಾಡಲಿಲ್ಲ. ಇಬ್ಬರೂ ಕೂತು ಮಧ್ಯಾಹ್ನವೆಲ್ಲ ಹುಳ ಆರಿಸಿದೆವು. ಅವಳ ಬೆರಳು ಒಂದು ಹುಳವನ್ನೂ ನೋಯಿಸಲಿಲ್ಲ.

ಮಧು ಶಿಫ್ಟು ಮುಗಿಸಿ ಬಂದ. ಅವನು ಚಪ್ಪಲಿ ಬಿಡುವ ಮೊದಲೇ ಕೇಳಿದೆ. “ಅವತ್ತು ಇವ್ಳಿಗೆ ಕೊಟ್ಟಿದ್ದು ಏನ್ಲಾ?”

ಅವನು ನನ್ನನ್ನೂ ನೋಡಿದ, ಕಟ್ಟಿಟ್ಟ ಚೀಲವನ್ನೂ ನೋಡಿದ. “ಒಂದ್ಸಲ ಕನವ್ವ. ಸಿಟ್ಟು ಬಂದ್ಬುಡ್ತು.”

ಒಳಗಿನಿಂದ ರೆಡ್ಡೆಮ್ಮ, “ಅಲ್ಲ” ಎಂದಳು. ಅಷ್ಟೇ.

“ನಾನು ಏನು ತಿಳ್ಕಂಡಿದ್ದೆ ಅಂತ ನಿಂಗೆ ಗೊತ್ತಿತ್ತಾ?”

“ನೀನೂ ನಗ್ತಾ ಇದ್ದೆ, ಅವ್ಳೂ ಸುಮ್ನಾದ್ಲು” ಎಂದ. “ನಾನ್ಯಾಕೆ ರಂಪ ಮಾಡ್ಲಿ ಅಂತ ಸುಮ್ನಾದೆ.”

ಕೈ ಎತ್ತಿದೆ. ಆ ಮನೆಯಲ್ಲಿ ಇನ್ನೊಂದು ಏಟು ಬೇಡ ಅನ್ನಿಸಿ ಇಳಿಸಿದೆ. ಅವನು ತೊದಲುವಾಗಿನಿಂದ ಅವನ ಒಂದೊಂದು ಮಾತನ್ನೂ ಅರ್ಥ ಮಾಡಿಕೊಂಡವಳು ನಾನು. ಎರಡು ಭಾಷೆಗಳ ಸಂದಿಯಲ್ಲಿ ಅವನು ಹೀಗೆ ಅಡಗಿ ಕೂರಬಲ್ಲ ಎಂದು ಗೊತ್ತಿರಲಿಲ್ಲ. ಅಡಗಲು ಜಾಗ ಮಾಡಿಕೊಟ್ಟವಳೂ ನಾನೇ.

ಮಾರನೆಯ ಬೆಳಿಗ್ಗೆ ಕನಕಪುರಕ್ಕೆ ಬಂದು ಬೆಂಗಳೂರಿನ ಬಸ್ಸು ಹತ್ತಿದೆವು, ಅಲ್ಲಿಂದ ಮದನಪಲ್ಲಿ, ಮುಂದೆ ರಾಯಚೋಟಿಯ ಬಸ್ಸು. ಅವಳು ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ಗಡಿ ದಾಟಿದ ಮೇಲೆ ಬೋರ್ಡುಗಳ ಅಕ್ಷರ ಬದಲಾದವು. ಅವೂ ನಮ್ಮ ಅಕ್ಷರಗಳಂತೆಯೇ ಕಾಣುತ್ತಿದ್ದವು, ಓದಲು ಹೋದರೆ ತಪ್ಪುತ್ತಿದ್ದೆ. ಆ ತಾಯಿಯ ಮುಂದೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ.

“ತಪ್ಪಾಯ್ತು ಅನ್ನಕ್ಕೆ ನಿಮ್ಮಲ್ಲಿ ಏನಂತಾರೆ?” ಎಂದು ಕೇಳಿದೆ.

“ತಪ್ಪೈಂದಿ” ಎಂದಳು. ಸ್ವಲ್ಪ ಹೊತ್ತಾದ ಮೇಲೆ, “ತಪ್ಪು ಇಬ್ರಿಗೂ ಒಂದೇ ಅತ್ತೆ” ಎಂದಳು. ಪದದ ವಿಷಯ ಹೇಳಿದಳು. ನಾನು ಅದನ್ನು ಬೇರೆ ರೀತಿಯಲ್ಲೂ ಕೇಳಿಸಿಕೊಂಡೆ.

ಅವಳು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಕರೆದುಕೊಂಡು ಬಾ ಎಂದು ಮಧು ಎಷ್ಟೋ ಸಲ ಹೇಳಿದ, ನಾನು ಹೋಗಲಿಲ್ಲ. ಈಗ ಮದನಪಲ್ಲಿಯಲ್ಲಿ ಹೊಲಿಗೆಯ ಕೆಲಸ ಮಾಡುತ್ತಾಳೆ, ಚೆನ್ನಾಗಿದ್ದಾಳೆ ಎಂದು ವೆಂಕಟರಮಣ ಹೇಳುತ್ತಾನೆ. ಅಂದು ಏರಿಸಿದ ಹುಳ ಒಳ್ಳೆಯ ಗೂಡು ಕಟ್ಟಿದ್ದವು. ಆ ಬೆಳೆಯೇ ಕೊನೆ, ಆಮೇಲೆ ನಮ್ಮ ಮನೆಯಲ್ಲಿ ಹುಳ ಸಾಕಲಿಲ್ಲ. ಮಧುವೂ ನಾನೂ ಈಗಲೂ ಒಂದೇ ಸೂರಿನಡಿ ಇದ್ದೇವೆ, ಬೇಕಾದಷ್ಟೇ ಮಾತಾಡುತ್ತೇವೆ.

ಆ ದಿನ ಅವಳ ತಾಯಿಯ ಮನೆ ತಲುಪಿದಾಗ ಮಧ್ಯಾಹ್ನ ಇಳಿದಿತ್ತು. ವೆಂಕಟರಮಣನನ್ನೂ ಕರೆಸಿದ್ದರು. ಈ ಸಲ ನಾನು ಅವನ ಬಾಯಿಗೆ ಅಡ್ಡ ಬರಲಿಲ್ಲ. ನಡೆದದ್ದನ್ನೆಲ್ಲ ಕನ್ನಡದಲ್ಲಿ ಹೇಳಿದೆ, ನಾನು ನಕ್ಕದ್ದನ್ನೂ ಬಿಡದೆ ಹೇಳಿದೆ, ಅವನು ತಲೆ ತಗ್ಗಿಸಿಕೊಂಡು ತೆಲುಗಿನಲ್ಲಿ ಹೇಳಿದ. ಕೊನೆಗೆ ನಾನು ಆ ತಾಯಿಗೆ ಕೈ ಮುಗಿದು “ತಪ್ಪೈಂದಿ” ಎಂದೆ.

ಅವಳು ಮಗಳ ತೋಳನ್ನು ತಿರುಗಿಸಿ ನೋಡಿದಳು, ಬೆನ್ನು ಸವರಿದಳು. ಆಮೇಲೆ ನನ್ನ ಕಡೆ ತಲೆಯಾಡಿಸಿ ಮಗಳನ್ನು ಏನೋ ಕೇಳಿದಳು. ರೆಡ್ಡೆಮ್ಮ ನನ್ನನ್ನು ಒಮ್ಮೆ ನೋಡಿ ಹೇಳಿದಳು.

“ಪೆಟ್ಟಿಂದಿ ಮಾ. ಅತ್ತ ಬಾಗಾ ಪೆಟ್ಟಿಂದಿ.”

ನನಗೆ ಬೇರೆ ಯಾವ ಪದವೂ ಕೇಳಿಸಲಿಲ್ಲ. ಅತ್ತೆ, ಪೆಟ್ಟು. ಅವಳ ಮೈಮೇಲೆ ನಾನು ಯಾವತ್ತೂ ಕೈ ಮಾಡಿರಲಿಲ್ಲ. ಆದರೂ ಸರಿಯಾಗಿಯೇ ಹೇಳಿದಳು ಅನ್ನಿಸಿತು. ಅವನು ಕೊಟ್ಟ ಒಂದೊಂದು ಏಟಿನ ಹಿಂದೆಯೂ ನನ್ನ ‘ಈಸ್ಕೊ’ ಇತ್ತು. “ಹೌದು ತಾಯಿ, ನಿಜ. ನನ್ನಿಂದ್ಲೂ ಪೆಟ್ಟೇ ಬಿದ್ದಿದ್ದು” ಎಂದೆ.

ವೆಂಕಟರಮಣ ತಲೆಯೆತ್ತಿ ನನ್ನನ್ನು ನೋಡಿದ. “ಅಯ್ಯೋ, ಪೆಟ್ಟಲ್ಲ ಅಮ್ಮ. ಪೆಟ್ಟಿಂದಿ ಅಂದ್ರೆ ಇಕ್ಕಿದ್ರು ಅಂತ. ನಿಮ್ಮತ್ತೆ ಹೊಟ್ಟೆಗೆ ಸರಿಯಾಗಿ ಇಕ್ಕಿದ್ರಾ ಅಂತ ಅವ್ವ ಕೇಳಿದ್ದು. ಅತ್ತೆ ಚೆನ್ನಾಗಿ ಇಕ್ಕಿದ್ರು ಅಂತವ್ಳೆ” ಎಂದ.

ಆ ತಾಯಿ ಎದ್ದು ಒಳಗೆ ಹೋದಳು. ಎಲೆ ತಂದು ನನ್ನ ಮುಂದೆ ಹಾಸಿ ಅನ್ನ ಹಾಕಿದಳು, ಮೇಲೆ ಬೇಳೆಯ ಪಪ್ಪು ಸುರಿದಳು, ತಿನ್ನು ಎಂದು ಕೈ ತೋರಿಸಿದಳು. ರೆಡ್ಡೆಮ್ಮ ನೀರಿನ ಲೋಟ ತಂದಿಟ್ಟು ಪಕ್ಕದಲ್ಲಿ ಕೂತಳು. ಪೆಟ್ಟೇ ಆಗಿದ್ದರೆ ತಿಂದು ಎದ್ದು ಬರುತ್ತಿದ್ದೆ. ಅವರು ಇಕ್ಕಿದ್ದು ಅನ್ನ. ಕಲಸಿದ ತುತ್ತು ಕೈಯಲ್ಲೇ ಇತ್ತು, ಬಾಯಿಗೆ ಎತ್ತಲಾಗಲಿಲ್ಲ.